ಆಮೆ ಪಕ್ಕಕ್ಕೆ ಸರಿಯದು, ದೋಣಿಯೇ ನಿಧಾನಿಸಬೇಕು

ಫ್ಲಾರಿಡಾದ ದಕ್ಷಿಣ ತುದಿಯಿಂದ ಸಮುದ್ರಕ್ಕೆ ಮಣಿಸರದಂತೆ ಚಾಚಿಕೊಂಡಿರುವ ಕೀಸ್ ದ್ವೀಪಗಳ ನಡುವೆ ಮ್ಯಾರಥಾನ್ ಎಂಬ ಊರಿದೆ. ಅಲ್ಲಿ ಮೋಟೆಲ್ ಒಂದರ ಆವರಣದಲ್ಲಿ ಶುರುವಾದ ಕಡಲಾಮೆಗಳ ಆಸ್ಪತ್ರೆ 1986ರಿಂದ ನಡೆದುಕೊಂಡು ಬಂದಿದೆ. ಅದರ ಉಪ್ಪುನೀರಿನ ಕೊಳದಲ್ಲಿ ಕೆಲವು ಆಮೆಗಳು ಬೇರೆ ರೀತಿ ಈಜುತ್ತವೆ. ತಲೆ ಕೆಳಗೆ, ಬೆನ್ನಿನ ಹಿಂಭಾಗ ನೀರಿನ ಮೇಲೆ. ಮುಳುಗಲು ಎಷ್ಟು ಕೈಕಾಲು ಬಡಿದರೂ ಬೆಂಡಿನ ಹಾಗೆ ಮತ್ತೆ ಮೇಲಕ್ಕೇ ಬರುತ್ತವೆ. ದೋಣಿ ಬಡಿದು ಒಡೆದ ಚಿಪ್ಪು ಹೇಗೋ ಕೂಡಿಕೊಂಡಾಗ ಒಳಗೆ ಗಾಳಿ ಸಿಕ್ಕಿಕೊಳ್ಳುವುದರಿಂದಲೋ, ಬೆನ್ನುಹುರಿಗೆ ಪೆಟ್ಟಾಗಿ ಹಿಂಭಾಗ ಸ್ವಾಧೀನ ತಪ್ಪುವುದರಿಂದಲೋ ಹೀಗಾಗುತ್ತದೆ. ಮುಳುಗಲಾರದ ಆಮೆಗೆ ಮೇವಿಲ್ಲ. ಮೇಲೆ ತೇಲುತ್ತಿದ್ದರೆ ಇನ್ನೊಂದು ದೋಣಿ ಬಡಿಯುವುದು ಖಂಡಿತ.

ಆಸ್ಪತ್ರೆಯವರು ಇಂಥ ಆಮೆಯ ಚಿಪ್ಪಿನ ಹಿಂಭಾಗಕ್ಕೆ ಸಣ್ಣ ಸಣ್ಣ ತೂಕದ ತುಂಡುಗಳನ್ನು ಅಂಟಿಸುತ್ತಾರೆ. ತಕ್ಕಡಿಯ ಮೇಲೆದ್ದ ತಟ್ಟೆಗೆ ಬಟ್ಟು ಹಾಕಿದ ಹಾಗೆ, ಮೈ ಸಮಕ್ಕೆ ಬರುತ್ತದೆ. ಆದರೆ ಚಿಪ್ಪಿನ ಮೇಲ್ಪದರ ನಮ್ಮ ಉಗುರಿನ ಜಾತಿಯದು, ಬೆಳೆಯುತ್ತದೆ, ಉದುರುತ್ತದೆ. ಪದರ ಉದುರಿದಾಗ ತೂಕವೂ ಕಳಚಿ ಬೀಳುತ್ತದೆ, ಮತ್ತೆ ಅಂಟಿಸಬೇಕು. ಕಡಲಿಗೆ ಬಿಟ್ಟರೆ ಅಂಟಿಸುವವರು ಯಾರು? ಹಾಗಾಗಿ ಆ ಆಮೆಯ ಉಳಿದ ಆಯಸ್ಸೆಲ್ಲ ಕೊಳದಲ್ಲೇ ಕಳೆಯಬೇಕು.

ಕಡಲಾಮೆಗೆ ಆಪತ್ತು ಎಂದಾಗ ನಮ್ಮ ಕಣ್ಣಿಗೆ ಬರುವುದು ಟ್ರಾಲ್ ಬಲೆ, ಮೊಟ್ಟೆ ಕದಿಯುವವರು, ಪ್ಲಾಸ್ಟಿಕ್ ಚೀಲ. ಇವೆಲ್ಲ ನಿಜವೇ. ಆದರೆ ಮ್ಯಾರಥಾನಿನ ಕೊಳದಲ್ಲಿ ತೇಲುವ ಆಮೆಗಳು ಬೇರೆ ಕಥೆ ಹೇಳುತ್ತವೆ. ಫ್ಲಾರಿಡಾದ ನೀರಿನಲ್ಲಿ ಓಡಾಡುವ ದೋಣಿಗಳಲ್ಲಿ ಬಹುಪಾಲು ಹೊಟ್ಟೆಪಾಡಿನವಲ್ಲ. ವಾರಾಂತ್ಯಕ್ಕೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹೊರಟವು, ಖುಷಿಗಾಗಿ ಗಾಳ ಹಾಕಲು ಹೊರಟವು. ಅವುಗಳಲ್ಲಿ ಇರುವವರು ಆಮೆ ಕಂಡರೆ ಮೊಬೈಲ್ ತೆಗೆದು ಮಕ್ಕಳಿಗೆ ತೋರಿಸುವ ಜನ, ಆಮೆಯ ಮೇಲೆ ಪ್ರೀತಿಯೇ ಇರುವವರು. ಅಷ್ಟಿದ್ದೂ ಆಮೆಗಳು ಸಾಯುತ್ತಿವೆ. ಇದು ಯಾಕೆ ಎಂಬುದನ್ನೇ ಬಿಡಿಸಿ ನೋಡಬೇಕಾಗಿದೆ.

ಮೂರರಲ್ಲೊಂದು

ಫ್ಲಾರಿಡಾದಲ್ಲಿ ನೋಂದಣಿಯಾದ ದೋಣಿಗಳ ಸಂಖ್ಯೆ 10 ಲಕ್ಷ ದಾಟಿದೆ. ಅಮೆರಿಕದ ಬೇರಾವ ರಾಜ್ಯದಲ್ಲೂ ಇಷ್ಟಿಲ್ಲ. ಅದೇ ರಾಜ್ಯ ಲಾಗರ್‌ಹೆಡ್ ಎಂಬ ದೊಡ್ಡ ತಲೆಯ ಕಡಲಾಮೆಗೆ ತವರುಮನೆ. ಅಮೆರಿಕದಲ್ಲಿ ಈ ಆಮೆ ಮಾಡುವ ಗೂಡುಗಳಲ್ಲಿ ಸುಮಾರು ಶೇ 90 ಇಲ್ಲಿಯ ಮರಳಿನಲ್ಲೇ. ಹಸಿರು ಆಮೆ, ಲೆದರ್‌ಬ್ಯಾಕ್, ಕೆಂಪ್ಸ್ ರಿಡ್ಲೆ, ಹಾಕ್ಸ್‌ಬಿಲ್ ಕೂಡ ಇದೇ ನೀರಿನಲ್ಲಿ ಓಡಾಡುತ್ತವೆ.

ದಡಕ್ಕೆ ಬಿದ್ದ ಸತ್ತ, ಗಾಯಗೊಂಡ ಆಮೆಗಳನ್ನು ಒಂದೊಂದಾಗಿ ದಾಖಲಿಸುವ ಜಾಲವೊಂದು ಅಲ್ಲಿ 1980ರಿಂದ ಕೆಲಸ ಮಾಡುತ್ತಿದೆ. ತರಬೇತಿ ಪಡೆದ ಸ್ವಯಂಸೇವಕರು ದಂಡೆ ನಡೆದು ಜಾತಿ, ಅಳತೆ, ಗಾಯದ ಬಗೆ ಬರೆದುಕೊಳ್ಳುತ್ತಾರೆ. ಬೇಸರ ತರುವ, ವಾಸನೆಯ ನಡುವೆ ಮಾಡುವ, ಯಾರೂ ಮೆಚ್ಚಿ ಮಾತಾಡದ ಕೆಲಸ. ಈ ವಿಷಯದಲ್ಲಿ ಇಂದು ಜಗತ್ತಿಗೆ ಗೊತ್ತಿರುವುದರಲ್ಲಿ ಬಹುಭಾಗ ಈ ನೋಟುಪುಸ್ತಕಗಳಿಂದ ಬಂದದ್ದು ಎಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. 1986ರಿಂದ 2014ರವರೆಗಿನ ದಾಖಲೆಗಳನ್ನು ಒಟ್ಟಿಗಿಟ್ಟು ನೋಡಿದಾಗ, ಹೀಗೆ ಸಿಕ್ಕ ಆಮೆಗಳಲ್ಲಿ ಸುಮಾರು ಮೂರರಲ್ಲೊಂದರ ಮೈಮೇಲೆ ದೋಣಿಯ ಗಾಯವಿತ್ತು. ಸತ್ತು ತೇಲುತ್ತಿದ್ದ ಆಮೆಗೆ ಆಮೇಲೆ ದೋಣಿ ತಾಗಿರಬಹುದಲ್ಲ ಎಂದು ಯಾರಾದರೂ ಕೇಳಬಹುದು, ನ್ಯಾಯವಾದ ಪ್ರಶ್ನೆಯೇ. ಆದರೆ ಶವಪರೀಕ್ಷೆ ಮಾಡಿದವುಗಳಲ್ಲಿ ಬಹುಪಾಲು ಬದುಕಿದ್ದಾಗಲೇ ಪೆಟ್ಟು ತಿಂದು, ಅದರಿಂದಲೇ ಸತ್ತಿದ್ದವು. ಇನ್ನೊಂದು ಮಾತು. ಕಡಲಲ್ಲಿ ಸತ್ತ ಆಮೆಗಳಲ್ಲಿ ದಡ ಮುಟ್ಟುವುದು ಸ್ವಲ್ಪವೇ. ಉಳಿದದ್ದನ್ನು ಮೀನು, ಏಡಿ, ಪ್ರವಾಹ ಒಯ್ಯುತ್ತವೆ. ನಾವು ಎಣಿಸುವುದು ದಡಕ್ಕೆ ಬಂದದ್ದನ್ನು ಮಾತ್ರ.

ಎಲ್ಲಿ ಹೆಚ್ಚು? ಅಳಿವೆಗಳ ಹತ್ತಿರ. ಫ್ಲಾರಿಡಾದ ಕರಾವಳಿಯಲ್ಲಿ ಉದ್ದುದ್ದದ ಮರಳದಿಬ್ಬಗಳ ಒಳಗೆ ಹಿನ್ನೀರು, ಹೊರಗೆ ಕಡಲು. ಎರಡನ್ನೂ ಸೇರಿಸುವುದು ಅಲ್ಲಲ್ಲಿ ಇರುವ ಕಿರಿದಾದ ಬಾಯಿಗಳು. ಒಳಗಿನ ದೋಣಿ ಹೊರಗೆ ಹೋಗಬೇಕಾದರೂ ಹೊರಗಿನ ದೋಣಿ ಒಳಗೆ ಬರಬೇಕಾದರೂ ಅದೇ ದಾರಿ. ಆಮೆಗಳಿಗೂ ಅದೇ ದಾರಿ, ಅದೇ ಮೇವಿನ ಜಾಗ. ಗಂಗೊಳ್ಳಿಯನ್ನೋ ಹೊನ್ನಾವರವನ್ನೋ ಬಲ್ಲವರಿಗೆ ಇದನ್ನು ಬೇರೆ ವಿವರಿಸಬೇಕಾಗಿಲ್ಲ, ಅಳಿವೆ ಎಂದರೆ ಎಲ್ಲರೂ ಒಂದೇ ಬಾಗಿಲಲ್ಲಿ ನುಗ್ಗುವ ಜಾಗ.

ಚಿಪ್ಪು ರಕ್ಷಾಕವಚ ಎಂಬ ನಂಬಿಕೆ

ಅಪಾಯ ಬಂದಾಗ ಆಮೆ ತಲೆ ಕಾಲುಗಳನ್ನು ಒಳಗೆಳೆದುಕೊಳ್ಳುತ್ತದೆ ಎಂಬ ಹೋಲಿಕೆಯನ್ನು ನಾವು ಚಿಕ್ಕಂದಿನಿಂದ ಕೇಳಿಕೊಂಡು ಬಂದಿದ್ದೇವೆ. ಅದು ಕೆರೆಯ ಆಮೆಯ, ನೆಲದ ಆಮೆಯ ಮಾತು. ಕಡಲಾಮೆಗೆ ಆ ಸೌಲಭ್ಯವಿಲ್ಲ. ಸಾವಿರಾರು ಕಿಲೋಮೀಟರ್ ಈಜಲು ಬೇಕಾದ ನುಣುಪಾದ ಮೈಗಾಗಿ, ರೆಕ್ಕೆಯಂಥ ಉದ್ದ ಮುಂಗಾಲುಗಳಿಗಾಗಿ ಅದು ಅಡಗಿಕೊಳ್ಳುವ ಗುಣವನ್ನೇ ಬಿಟ್ಟುಕೊಟ್ಟಿದೆ.

ಚಿಪ್ಪು ಮೇಲೆ ಹೊದಿಸಿದ ಗುರಾಣಿಯೂ ಅಲ್ಲ. ಅದು ಆಮೆಯ ಪಕ್ಕೆಲುಬು ಮತ್ತು ಬೆನ್ನೆಲುಬುಗಳೇ ಬೆಸೆದುಕೊಂಡು ಆದದ್ದು. ಅದರ ಒಳಮೈಗೆ ತಗುಲಿಕೊಂಡ ಹಾಗೆಯೇ ಶ್ವಾಸಕೋಶಗಳಿವೆ. ನಮ್ಮ ಕಡೆ ಮೀನುಗಾರರು ಬೋಟಿನ ಫ್ಯಾನ್ ಎಂದು ಕರೆಯುವ ಪ್ರೊಪೆಲ್ಲರ್ ಚಿಪ್ಪಿನೊಳಕ್ಕೆ ಎರಡು ಬೆರಳು ಇಳಿದರೂ ಸಾಕು, ಸೀಳಿದ್ದು ಶ್ವಾಸಕೋಶವನ್ನೇ, ಇಲ್ಲವೇ ಬೆನ್ನುಹುರಿಯನ್ನೇ. ಆಮೆ ಗಾಳಿಗಾಗಿ ಮೇಲೆ ಬರಲೇಬೇಕು. ಮೊಟ್ಟೆಯಿಡುವ ಕಾಲದಲ್ಲಿ ಗಂಡು ಹೆಣ್ಣು ಜೊತೆಯಾಗಿ ಬಹಳ ಹೊತ್ತು ಮೇಲ್ಭಾಗದಲ್ಲೇ ತೇಲುತ್ತವೆ. ಅದು ಅವುಗಳ ಬದುಕಿನ ಅತ್ಯಂತ ಬೆಲೆಬಾಳುವ ಗಳಿಗೆ, ಅತ್ಯಂತ ಅಪಾಯದ ಗಳಿಗೆಯೂ ಅದೇ.

ದೋಣಿಯ ಸದ್ದು ಕೇಳಿ ಆಮೆ ಓಡಿಹೋಗುವುದಿಲ್ಲವೇ? ಬಹುತೇಕ ದೋಣಿಗಾರರ ಮನಸ್ಸಿನಲ್ಲಿರುವುದು ಇದೇ. ಇದಕ್ಕೆ ನೇರ ಉತ್ತರ ಆಸ್ಟ್ರೇಲಿಯಾದ ಬ್ರಿಸ್ಬೇನ್ ಪಕ್ಕದ ಮೋರ್ಟನ್ ಕೊಲ್ಲಿಯಿಂದ ಬಂತು. 2007ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಸಂಶೋಧಕರು 6 ಮೀಟರಿನ ಅಲ್ಯೂಮಿನಿಯಂ ದೋಣಿಯನ್ನು 5 ಮೀಟರಿಗಿಂತ ಕಡಿಮೆ ಆಳದ ನೀರಿನಲ್ಲಿ ಮೂರು ಬೇರೆ ಬೇರೆ ವೇಗದಲ್ಲಿ ಓಡಿಸಿದರು. ತಳದಲ್ಲಿದ್ದ ಹಸಿರು ಆಮೆಗಳು ಏನು ಮಾಡುತ್ತವೆ ಎಂದು ನೋಡುತ್ತ ಹೋದರು, ಒಂದೆರಡಲ್ಲ, 1,890 ಬಾರಿ. ದೋಣಿ ಗಂಟೆಗೆ 4 ಕಿಲೋಮೀಟರ್ ವೇಗದಲ್ಲಿ, ಎಂದರೆ ನಾವು ನಡೆಯುವ ವೇಗದಲ್ಲಿ, ಬಂದಾಗ ಶೇ 60 ಆಮೆಗಳು ಪಕ್ಕಕ್ಕೆ ಸರಿದವು. 11 ಕಿಲೋಮೀಟರಿಗೆ ಏರಿಸಿದಾಗ ಶೇ 22. 19 ಕಿಲೋಮೀಟರಿಗೆ ಏರಿಸಿದಾಗ ಬರೇ ಶೇ 4. ಗಂಟೆಗೆ 19 ಕಿಲೋಮೀಟರ್ ಎಂದರೆ ಸೈಕಲ್ಲಿನ ವೇಗ. ಮೋಜಿನ ದೋಣಿಗಳು ಮೂತಿಯೆತ್ತಿ ನೀರಿನ ಮೇಲೆ ಜಾರುತ್ತ ಓಡುವುದು ಇದರ ಎರಡು ಮೂರು ಪಟ್ಟು ವೇಗದಲ್ಲಿ.

ಆಮೆ ಇಂಥ ಸಮಯದಲ್ಲಿ ಕಿವಿಗಿಂತ ಕಣ್ಣನ್ನೇ ನಂಬುತ್ತದೆ ಎಂದು ಆ ಅಧ್ಯಯನ ಸೂಚಿಸಿತು. ನೀರಿನೊಳಗೆ ಸದ್ದು ಎಲ್ಲ ಕಡೆಯಿಂದಲೂ ಬಂದ ಹಾಗಿರುತ್ತದೆ. ದೋಣಿ ಎತ್ತ ಬರುತ್ತಿದೆ ಎಂದು ಸದ್ದು ತಿಳಿಸುವುದಿಲ್ಲ. ಸ್ವಲ್ಪ ಲೆಕ್ಕ ಹಾಕಿ: ನೀರು ಕದಡಿದ್ದು ಆಮೆಗೆ 5 ಮೀಟರ್ ದೂರದವರೆಗೆ ಕಾಣುತ್ತದೆ ಎಂದಿಟ್ಟುಕೊಳ್ಳೋಣ. ಗಂಟೆಗೆ 50 ಕಿಲೋಮೀಟರ್ ವೇಗದ ದೋಣಿ ಆ 5 ಮೀಟರನ್ನು ಅರ್ಧ ಸೆಕೆಂಡಿಗೂ ಮೊದಲೇ ದಾಟುತ್ತದೆ. ಕಣ್ಣಿಗೆ ಬೀಳುವಷ್ಟರಲ್ಲಿ ಬೆನ್ನಿಗೆ ಬಿದ್ದಾಗಿರುತ್ತದೆ. ಕೋಟ್ಯಂತರ ವರ್ಷ ಶಾರ್ಕ್‌ಗಳ ಜೊತೆ ಬಾಳಿದ ಪ್ರಾಣಿಗೆ ಈ ವೇಗವನ್ನು ಅಂದಾಜು ಮಾಡುವ ಶಕ್ತಿಯೇ ಬೆಳೆದಿಲ್ಲ. ನಾಯಿ, ಹಸು ಹಾರ್ನ್ ಕೇಳಿ ರಸ್ತೆ ಬಿಟ್ಟ ಹಾಗೆ ಆಮೆ ದಾರಿ ಬಿಡುತ್ತದೆ ಎಂದು ನಿರೀಕ್ಷಿಸುವುದೇ ತಪ್ಪು.

ಹಾಗಾದರೆ ಫ್ಯಾನಿಗೆ ಜಾಲರಿ ಕಟ್ಟಬಹುದಲ್ಲ ಎಂಬ ಸಲಹೆ ಬರುತ್ತದೆ. ತೀರಾ ನಿಧಾನದ ಓಟದಲ್ಲಿ ಜಾಲರಿಯಿಂದ ಒಂದಿಷ್ಟು ಪ್ರಯೋಜನವಿದೆ. ವೇಗದಲ್ಲಿ ಜಾಲರಿಯೇ ಬಡಿಗೆಯಾಗುತ್ತದೆ, ದೋಣಿಯ ತಳವೂ ಹಾಗೆಯೇ. ಯಂತ್ರಕ್ಕೆ ಏನು ಜೋಡಿಸಿದರೂ ವೇಗಕ್ಕೆ ಬೇರೆ ಮದ್ದಿಲ್ಲ.

ಗೂಡು ಹೆಚ್ಚಾಗಿದೆಯಲ್ಲ?

ಇಲ್ಲೊಂದು ತೊಡಕಿದೆ. ಫ್ಲಾರಿಡಾದಲ್ಲಿ ಆಮೆಯ ಗೂಡುಗಳು ಕಡಿಮೆಯಾಗುತ್ತಿಲ್ಲ. 2023ರಲ್ಲಿ ಅಲ್ಲಿ ಲಾಗರ್‌ಹೆಡ್ ಗೂಡುಗಳು 1.3 ಲಕ್ಷ ದಾಟಿದವು, ಹಸಿರು ಆಮೆಯ ಗೂಡುಗಳು 76 ಸಾವಿರ ದಾಟಿದವು. ಎರಡೂ ದಾಖಲೆ. ಹಾಗಿದ್ದ ಮೇಲೆ ದೋಣಿಯ ವೇಗದ ಬಗ್ಗೆ ಇಷ್ಟೊಂದು ಮಾತು ಯಾಕೆ?

ಯಾಕೆಂದರೆ ಗೂಡಿನ ಲೆಕ್ಕ ಹೇಳುವುದು ಇಂದಿನ ಸಂಗತಿಯನ್ನಲ್ಲ. ಲಾಗರ್‌ಹೆಡ್ ಹೆಣ್ಣು ಮೊಟ್ಟೆಯಿಡುವ ವಯಸ್ಸಿಗೆ ಬರಲು ಸುಮಾರು 25ರಿಂದ 35 ವರ್ಷ ಬೇಕು. ಇಂದು ದಂಡೆಗೆ ಬರುವ ತಾಯಂದಿರಲ್ಲಿ ಅನೇಕರು ಮರಿಯಾಗಿ ಕಡಲಿಗೆ ಇಳಿದದ್ದು 1980ರ, 90ರ ದಶಕಗಳಲ್ಲಿ. ಅಮೆರಿಕ 1978ರಲ್ಲಿ ಲಾಗರ್‌ಹೆಡ್ಡಿಗೆ ಕಾನೂನಿನ ರಕ್ಷಣೆ ಕೊಟ್ಟದ್ದು, 1980ರ ದಶಕದ ಕೊನೆಯಲ್ಲಿ ಸಿಗಡಿ ಟ್ರಾಲರುಗಳ ಬಲೆಗೆ ಆಮೆ ಹೊರಬೀಳುವ ಬಾಗಿಲು, ಅಂದರೆ ಟೆಡ್, ಕಡ್ಡಾಯ ಮಾಡಿದ್ದು, 1991ರಲ್ಲಿ ಕಡಲಾಮೆಗಳ ವಿಜ್ಞಾನಿ ಆರ್ಚಿ ಕಾರ್ ಅವರ ಹೆಸರಿನ ಅಭಯಾರಣ್ಯ ಮಾಡಿ ಮೊಟ್ಟೆಯ ದಂಡೆಯನ್ನು ಕಟ್ಟಡಗಳಿಂದ ಉಳಿಸಿದ್ದು, ಇವುಗಳ ಫಲ ಈಗ ಕೈಗೆ ಬರುತ್ತಿದೆ. ಇಂದು ದೋಣಿಗೆ ಸಿಕ್ಕಿ ಸಾಯುವ ಎಳೆ ಆಮೆಯ ನಷ್ಟ ಗೂಡಿನ ಲೆಕ್ಕದಲ್ಲಿ ಕಾಣುವುದು ಇನ್ನೂ ಇಪ್ಪತ್ತು ವರ್ಷಕ್ಕೆ. ಅಷ್ಟರಲ್ಲಿ ಆಮೆಯೂ ಹೆಚ್ಚಿ ದೋಣಿಯೂ ಹೆಚ್ಚಿದರೆ ಡಿಕ್ಕಿ ಹೆಚ್ಚುವುದು ಸಹಜ.

ನಮಗೆಲ್ಲ ಮರಿಗಳ ಮೇಲೆ ಮಮತೆ ಹೆಚ್ಚು. ಅಂಗೈಯಗಲದ ಮರಿ ಅಲೆಯತ್ತ ತೆವಳುವುದನ್ನು ನೋಡಿದರೆ ಯಾರ ಮನಸ್ಸೂ ಕರಗುತ್ತದೆ. ಆದರೆ ಸಾವಿರಕ್ಕೊಂದು ಮರಿ ದೊಡ್ಡದಾಗುವುದು ಎನ್ನುತ್ತಾರೆ. 1987ರಲ್ಲಿ ಲಾಗರ್‌ಹೆಡ್ ಆಮೆಗಳ ಬಗ್ಗೆ ನಡೆದ ಹೆಸರಾಂತ ಲೆಕ್ಕಾಚಾರವೊಂದು ಎಲ್ಲರ ಕಣ್ಣು ತೆರೆಸಿತು: ಮೊಟ್ಟೆಗಳನ್ನು ಪೂರ್ತಿ ಕಾಪಾಡಿದರೂ ಸಂತತಿಯ ಇಳಿಕೆ ನಿಲ್ಲುವುದಿಲ್ಲ, ಬೆಳೆದು ನಿಂತ ಎಳೆಯ ಮತ್ತು ವಯಸ್ಕ ಆಮೆಗಳ ಸಾವು ತಗ್ಗಿದರೆ ಮಾತ್ರ ನಿಲ್ಲುತ್ತದೆ. ಟೆಡ್ ಬರಲು ಈ ಲೆಕ್ಕವೇ ಬಲ ಕೊಟ್ಟಿತು. ದಡದ ಹತ್ತಿರದ ತಿಳಿನೀರಿನಲ್ಲಿ ಮೇಯುವುದು, ಅಳಿವೆ ದಾಟುವುದು, ಜೊತೆಗಾಗಿ ಮೇಲೆ ತೇಲುವುದು ಇದೇ ವಯಸ್ಸಿನ ಆಮೆಗಳು. ಮೋಜಿನ ದೋಣಿಗೆ ಸಿಗುವುದೂ ಇವೇ. ತೆನೆ ಕಟ್ಟಿದ ಪೈರಿಗೆ ದನ ನುಗ್ಗಿದ ಹಾಗೆ ಇದು, ಬಿತ್ತನೆಯ ಬೀಜ ಹಕ್ಕಿ ತಿಂದ ಹಾಗಲ್ಲ.

ಕೊಕ್ಕೆ, ದಾರ ಮತ್ತು ಹೆದರಿಕೆ

ಇನ್ನು ಗಾಳದ ವಿಷಯ. ಅಮೆರಿಕದ ಕರಾವಳಿಯಲ್ಲಿ ಕಡಲೊಳಕ್ಕೆ ನೂರಾರು ಅಡಿ ಚಾಚಿದ ಮರದ, ಕಾಂಕ್ರೀಟಿನ ಕಟ್ಟೆಗಳಿವೆ. ಪಿಯರ್ ಎನ್ನುತ್ತಾರೆ. ಬೆಳಗಿನಿಂದ ಸಂಜೆಯವರೆಗೆ ಜನ ಕಂಬಿಗೆ ಒರಗಿ ಗಾಳ ಬಿಟ್ಟು ನಿಂತಿರುತ್ತಾರೆ. ಅಜ್ಜಂದಿರು, ಮೊಮ್ಮಕ್ಕಳು, ಕೆಲಸ ಮುಗಿಸಿ ಬಂದವರು. ಮೀನು ಕೊಯ್ದು ತಲೆ ಕರುಳನ್ನು ಅಲ್ಲೇ ಕೆಳಗೆ ಎಸೆಯುತ್ತಾರೆ, ಉಳಿದ ಎರೆಯನ್ನೂ. ಆಮೆಗೆ ಇದು ಅಭ್ಯಾಸವಾಗುತ್ತದೆ. ಏಡಿ ಹಿಡಿಯಲು ಪಡುವ ಪಾಡು ಯಾಕೆ, ಇಲ್ಲಿ ಬೊಂಡಾಸಿನ (ಸ್ಕ್ವಿಡ್) ತುಂಡು ಮೇಲಿಂದ ಬೀಳುತ್ತದೆ! ಆ ತುಂಡುಗಳಲ್ಲಿ ಕೆಲವದರೊಳಗೆ ಕೊಕ್ಕೆ ಇರುತ್ತದೆ.

ಕಡಲಾಮೆಯ ಗಂಟಲನ್ನು ಒಳಗಿನಿಂದ ನೋಡಿದರೆ ಮೈ ಜುಮ್ಮೆನ್ನುತ್ತದೆ. ಗಂಟಲಿನಿಂದ ಹೊಟ್ಟೆಯವರೆಗೆ ಒತ್ತಾದ ಮುಳ್ಳುಗಳು, ಎಲ್ಲವೂ ಒಳಮುಖವಾಗಿ ಬಾಗಿವೆ. ನುಂಗಿದ ಆಹಾರದ ಜೊತೆ ಬಂದ ಉಪ್ಪುನೀರನ್ನು ಹೊರಹಾಕುವಾಗ ಆಹಾರ ಮಾತ್ರ ಒಳಗೇ ಉಳಿಯಲಿ ಎಂದು ಇರುವ ಏರ್ಪಾಡು. ಇದರಿಂದ ಒಳಗೆ ಹೋದದ್ದು ಹೊರಬರುವುದು ಬಹಳ ಕಷ್ಟ. ಕೊಕ್ಕೆ ಗಂಟಲಲ್ಲಿ ಕಚ್ಚಿಕೊಂಡರೆ ಆಮೆ ಅದನ್ನು ಉಗುಳಲಾರದು. ಆದರೂ ಕೊಕ್ಕೆಗಿಂತ ದಾರವೇ ಹೆಚ್ಚು ಕೇಡು ಮಾಡುತ್ತದೆ. ಒಂದು ತುದಿ ಕೊಕ್ಕೆಗೆ ಬಿಗಿದು ಕೂತ ನೈಲಾನ್ ದಾರ ಕರುಳಿನೊಳಕ್ಕೆ ಇಳಿಯುತ್ತ ಹೋಗುತ್ತದೆ. ಕರುಳು ತನ್ನ ಸಹಜ ಅಲೆಯಾಟದಲ್ಲಿ ಅದನ್ನು ಮುಂದಕ್ಕೆ ತಳ್ಳಲು ನೋಡುತ್ತದೆ, ದಾರ ಬರುವುದಿಲ್ಲ, ಕರುಳೇ ದಾರದ ಮೇಲೆ ಏರಿಕೊಳ್ಳುತ್ತದೆ. ಲಾಡಿ ಎಳೆದ ಪೈಜಾಮದ ಸೊಂಟದಂತೆ ಕರುಳು ನೆರಿಗೆ ನೆರಿಗೆಯಾಗಿ ಮುದುಡುತ್ತದೆ, ಬಿಗಿದ ದಾರ ಒಳಗೋಡೆಯನ್ನು ಕೊಯ್ಯುತ್ತದೆ. ಸಾವು ಬರಲು ವಾರಗಳು ಬೇಕಾಗಬಹುದು. ದಾರ ಕಡಿದು ಬಿಟ್ಟವರು ಆಮೆ ಈಜಿಕೊಂಡು ಹೋಯಿತು, ಬದುಕಿತು ಎಂದುಕೊಂಡು ಮನೆಗೆ ಹೋಗಿರುತ್ತಾರೆ.

ಹೊರಗೆ ಸುತ್ತಿಕೊಂಡ ದಾರವೂ ಸಣ್ಣದಲ್ಲ. ಬಂಡೆಗೆ ಸಿಕ್ಕಿ ತುಂಡಾಗಿ ಉಳಿದ ದಾರ ಪಾಚಿ ಮೇಯಲು ಬಂದ ಎಳೆಯ ಹಸಿರು ಆಮೆಯ ಮುಂಗಾಲಿಗೆ ಸುತ್ತಿಕೊಳ್ಳುತ್ತದೆ. ಆಮೆ ಬೆಳೆಯುತ್ತದೆ, ದಾರ ಬೆಳೆಯುವುದಿಲ್ಲ. ರಕ್ತ ನಿಂತು ಕಾಲು ಕೊಳೆಯುತ್ತದೆ. ಫ್ಲಾರಿಡಾದ ಪಿಯರುಗಳಲ್ಲಿ, ದೋಣಿ ಇಳಿಸುವ ಜಾಗಗಳಲ್ಲಿ ಬಿಳಿ ಪಿವಿಸಿ ಪೈಪಿನ ತುಂಡುಗಳನ್ನು ನಿಲ್ಲಿಸಿರುತ್ತಾರೆ. ಹಳೆಯ ದಾರ ಹಾಕಲೆಂದೇ ಇಟ್ಟ ಡಬ್ಬಿಗಳು ಅವು. ಒಳಗೆ ಬಿದ್ದ ದಾರ ಮರುಬಳಕೆಗೆ ಹೋಗುತ್ತದೆ. ಯಾವ ದೊಡ್ಡ ತಂತ್ರಜ್ಞಾನವೂ ಬೇಡದ, ಯಾವ ಊರಿನ ಪ್ಲಂಬರ್ ಬೇಕಾದರೂ ಅರ್ಧ ದಿನದಲ್ಲಿ ಮಾಡಿಕೊಡಬಹುದಾದ ವಸ್ತು.

ಗಾಳದ ಕಥೆಯಲ್ಲಿ ನನ್ನನ್ನು ಬಹಳ ಕಾಡುವುದು ಕೆಂಪ್ಸ್ ರಿಡ್ಲೆ. ನಮ್ಮ ಆಲಿವ್ ರಿಡ್ಲೆಯ ಹತ್ತಿರದ ಬಂಧು, ಜಗತ್ತಿನಲ್ಲೇ ಅತ್ಯಂತ ಅಪಾಯದಲ್ಲಿರುವ ಕಡಲಾಮೆ. ಮೆಕ್ಸಿಕೋದ ರಾಂಚೋ ನ್ಯೂವೊ ದಂಡೆಯಲ್ಲಿ 1947ರಲ್ಲಿ ಒಂದೇ ದಿನ ಸುಮಾರು 40 ಸಾವಿರ ತಾಯಿ ಆಮೆಗಳು ಬಂದಿದ್ದವು ಎಂದು ಆಗಿನ ಚಲನಚಿತ್ರ ತುಣುಕಿನಿಂದ ಅಂದಾಜಿಸಿದ್ದಾರೆ. 1985ರಲ್ಲಿ ಇಡೀ ಋತುವಿಗೆ ಸಿಕ್ಕ ಗೂಡುಗಳು 702. ಎರಡು ದೇಶಗಳು ಕೈಜೋಡಿಸಿ, ಸೈನಿಕರನ್ನಿಟ್ಟು ಮೊಟ್ಟೆ ಕಾಯ್ದು, ಟ್ರಾಲರುಗಳಿಗೆ ಟೆಡ್ ಕಟ್ಟಿಸಿ, ಹಂತಹಂತವಾಗಿ ಈ ಜಾತಿಯನ್ನು ಅಳಿವಿನಂಚಿನಿಂದ ಹಿಂದಕ್ಕೆ ತಂದರು. 2010ರ ಈಚೆಗೆ ಅಮೆರಿಕದ ಮಿಸಿಸಿಪಿ ರಾಜ್ಯದ ಪಿಯರುಗಳಲ್ಲಿ ಗಾಳಕ್ಕೆ ಸಿಕ್ಕಿದ ನೂರಾರು ಆಮೆಗಳು ಚಿಕಿತ್ಸೆಗೆ ಬಂದವು. ಬಹುಪಾಲು ಇದೇ ಕೆಂಪ್ಸ್ ರಿಡ್ಲೆಯ ಎಳೆಯವು. ದಶಕಗಳ ಬೆವರಿನಿಂದ ಉಳಿದು ಬಂದ ಕೂಸು ಒಂದು ತುಂಡು ಬೊಂಡಾಸಿಗೆ ಸಿಗುತ್ತದೆ.

ಆದರೆ ಇದೇ ಮಿಸಿಸಿಪಿಯ ಸಂಗತಿಯಲ್ಲಿ ಒಳ್ಳೆಯದೂ ಇದೆ. ಅಷ್ಟೊಂದು ಆಮೆಗಳು ಚಿಕಿತ್ಸೆಗೆ ಬಂದದ್ದು ಗಾಳ ಹಾಕಿದವರೇ ಫೋನ್ ಮಾಡಿದ್ದರಿಂದ. ಮೊದಲು ಹೀಗಿರಲಿಲ್ಲ. ರಕ್ಷಿತ ಪ್ರಾಣಿ ಗಾಳಕ್ಕೆ ಬಿತ್ತು ಎಂದರೆ ದಂಡ, ಕೇಸು ಎಂಬ ಭಯಕ್ಕೆ ಜನ ದಾರ ಕಡಿದು ಸುಮ್ಮನಾಗುತ್ತಿದ್ದರು. ಫ್ಲಾರಿಡಾದ ಜೂನೋ ಬೀಚಿನಲ್ಲಿರುವ ಲಾಗರ್‌ಹೆಡ್ ಮರೀನ್‌ಲೈಫ್ ಸೆಂಟರ್ 2013ರಲ್ಲಿ ಜವಾಬ್ದಾರಿಯುತ ಪಿಯರ್ ಎಂಬ ಕಾರ್ಯಕ್ರಮ ಶುರು ಮಾಡಿದಾಗ ಹಿಡಿದ ದಾರಿ ಸರಳ. ಪಿಯರಿನ ಮೇಲೆ ಫಲಕ ಹಾಕಿದರು, ಆಮೆ ಎತ್ತಲು ಬಲೆ ಕೊಟ್ಟರು, ಅಲ್ಲಿಯ ಸಿಬ್ಬಂದಿಗೆ ಕಲಿಸಿದರು. ಆಕಸ್ಮಿಕವಾಗಿ ಸಿಕ್ಕಿದ್ದಕ್ಕೆ ನಿಮಗೇನೂ ತೊಂದರೆಯಿಲ್ಲ, ಮೊದಲು ಕರೆ ಮಾಡಿ ಎಂದು ಧೈರ್ಯ ಹೇಳಿದರು. ಕಾನೂನು ಎಷ್ಟು ಕಠಿಣವಾಗಿದ್ದರೂ ತಪ್ಪೊಪ್ಪಿಕೊಂಡವನಿಗೆ ದಾರಿ ಬಿಡದಿದ್ದರೆ ಅದು ಆಮೆಯನ್ನೇ ಬಲಿ ಕೊಡುತ್ತದೆ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಸಿಕ್ಕಿದ ಆಮೆಯನ್ನು ಏನು ಮಾಡಬೇಕು? ದಾರ ಹಿಡಿದು ಮೇಲಕ್ಕೆ ಎಳೆಯಬಾರದು, ಹದಿನೈದು ಇಪ್ಪತ್ತು ಕಿಲೋ ಭಾರ ಒಂದು ಕೊಕ್ಕೆಯ ಮೇಲೆ ನಿಂತರೆ ಗಂಟಲು ಹರಿಯುತ್ತದೆ. ಪಿಯರಿನಲ್ಲಿ ಹಗ್ಗ ಕಟ್ಟಿದ ದುಂಡು ಬಲೆಯನ್ನು ಕೆಳಗಿಳಿಸಿ ಆಮೆಯನ್ನು ಅದರೊಳಕ್ಕೆ ನಡೆಸಬೇಕು, ಇಲ್ಲವೇ ಮೆಲ್ಲಗೆ ದಡದತ್ತ ಕರೆದೊಯ್ಯಬೇಕು. ಕೊಕ್ಕೆ ಕೀಳಲು ಹೋಗಬಾರದು. ಒಂದೆರಡು ಅಡಿ ದಾರ ಬಿಟ್ಟು ಕತ್ತರಿಸಿದರೆ ವೈದ್ಯರಿಗೆ ಕೊಕ್ಕೆ ಹುಡುಕಲು ಅನುಕೂಲ. ನೆರಳಲ್ಲಿಟ್ಟು, ಕಣ್ಣಿನ ಮೇಲೆ ಒದ್ದೆ ಬಟ್ಟೆ ಹೊದಿಸಿ, ಮೂಗು ಮುಚ್ಚದ ಹಾಗೆ ನೋಡಿಕೊಂಡು ಕಾಯಬೇಕು. ಯಾರೂ ಬರುವ ಸಾಧ್ಯತೆಯೇ ಇಲ್ಲದಾಗ ಮಾತ್ರ ದಾರವನ್ನು ಕೊಕ್ಕೆಯ ಬುಡದವರೆಗೆ ಕತ್ತರಿಸಿ ಬಿಡಬೇಕು. ಬಾಯಿಯ ಅಂಚಿಗೆ ಮಾತ್ರ ಕಚ್ಚುವ ದುಂಡು ಕೊಕ್ಕೆ, ಹಿಮ್ಮುಳ್ಳಿಲ್ಲದ ಕೊಕ್ಕೆ ಬಳಸಿದರೆ ಗಾಯ ಚಿಕ್ಕದು. ಆಮೆ ಸುಳಿದಾಡುವುದು ಕಂಡರೆ ಹತ್ತು ನಿಮಿಷ ಗಾಳ ಎತ್ತಿಕೊಂಡು ಕೂತರೆ ಗಾಯವೇ ಇಲ್ಲ.

ಯಾರನ್ನು ಕೇಳಬೇಕು

ಸಿಗಡಿ ಟ್ರಾಲರಿಗೆ ಟೆಡ್ ಕಟ್ಟಿಸುವಾಗ ಅಮೆರಿಕದಲ್ಲಿ ದೊಡ್ಡ ಜಗಳವಾಯಿತು. ಮೀನುಗಾರರು ಸಿಟ್ಟಾದದ್ದರಲ್ಲಿ ನ್ಯಾಯವಿತ್ತು, ಬಲೆಯಿಂದ ತಪ್ಪಿಹೋಗುವ ಒಂದೊಂದು ಸಿಗಡಿಯೂ ಅವರ ಅನ್ನ. ಅಷ್ಟಾಗಿಯೂ ನಿಯಮ ನಿಂತಿತು. ಟೆಡ್ ಇಲ್ಲದ ದೇಶಗಳ ಸಿಗಡಿಯನ್ನೂ ಅಮೆರಿಕ ತಡೆಯಿತು, ಭಾರತ ಇತರ ದೇಶಗಳೊಡನೆ ವಿಶ್ವ ವ್ಯಾಪಾರ ಸಂಸ್ಥೆಯ ಕಟಕಟೆ ಹತ್ತಿ 1998ರಲ್ಲಿ ತೀರ್ಪೂ ಬಂತು. 2019ರಿಂದ ಭಾರತದ ಕಡಲಿನಲ್ಲಿ ಹಿಡಿದ ಸಿಗಡಿಗೆ ಅಮೆರಿಕದ ಬಾಗಿಲು ಮತ್ತೆ ಮುಚ್ಚಿತು. ಇದರ ಬಿಸಿ ಟ್ರಾಲ್ ಬೋಟುಗಳ ನಮ್ಮ ಕರಾವಳಿಗೂ ತಟ್ಟಿದೆ.

ಹೊಟ್ಟೆಪಾಡಿನ ಮೀನುಗಾರನನ್ನು ಇಷ್ಟು ಕೇಳುವ ಸಮಾಜ ಮೋಜಿನ ದೋಣಿಗೆ ಏನು ಕೇಳುತ್ತದೆ? ಕೇಳುವುದು ಬಹಳ ಕಡಿಮೆ. ಫ್ಲಾರಿಡಾದಲ್ಲಿ 1988ರ ಜನವರಿ 1ರಿಂದ ಈಚೆಗೆ ಹುಟ್ಟಿದವರು 10 ಅಶ್ವಶಕ್ತಿ ಮತ್ತು ಅದಕ್ಕೂ ಮೇಲಿನ ದೋಣಿ ನಡೆಸಲು ಸುರಕ್ಷತೆಯ ಪಾಠ ಓದಿ ಪ್ರಮಾಣಪತ್ರ ಪಡೆಯಬೇಕು. ಅದಕ್ಕಿಂತ ಮೊದಲು ಹುಟ್ಟಿದವರಿಗೆ ಆ ಕಟ್ಟುಪಾಡೂ ಇಲ್ಲ. ಅಮೆರಿಕದಲ್ಲಿ ನೆಲೆಸಿದ ನಮ್ಮವರಲ್ಲೂ ರಜೆಗೆ ಅಲ್ಲಿ ಹೋಗಿ ಬಾಡಿಗೆ ದೋಣಿ ಹಿಡಿಯುವವರಿದ್ದಾರೆ, ಆಮೆಯಿಂದ 50 ಗಜ, ಎಂದರೆ ಸುಮಾರು 45 ಮೀಟರ್ ದೂರವಿರಿ ಎಂದು ಅಲ್ಲಿಯ ಸರ್ಕಾರಿ ಸಂಸ್ಥೆ ನೋವಾ ಹೇಳುವುದು ಅವರಿಗೂ ಸೇರಿಯೇ. ಮ್ಯಾನಟಿ ಎಂಬ ಕಡಲ ಹಸುವಿಗಾಗಿ ಫ್ಲಾರಿಡಾ 1978ರಲ್ಲೇ ಕಾನೂನು ಮಾಡಿತು, ಅದರಡಿ ಹಿನ್ನೀರಿನ ಅನೇಕ ಕಡೆ ನಿಧಾನದ ವಲಯಗಳು ಬಂದವು. ಅಲ್ಲಿ ಸುಳಿಯುವ ಆಮೆಗೂ ಇದರ ನೆರಳು ಸಿಗುತ್ತದೆ. ಆದರೆ ಮ್ಯಾನಟಿ ಹೆಚ್ಚಾಗಿ ಒಳನೀರಿನ ಪ್ರಾಣಿ, ಆಮೆಗೆ ನಿಧಾನ ಬೇಕಾದದ್ದು ಅಳಿವೆಯ ಬಾಯಲ್ಲಿ, ಅದರ ಹೊರಗಿನ ಒಂದೆರಡು ಕಿಲೋಮೀಟರಿನಲ್ಲಿ. ಮೋರ್ಟನ್ ಕೊಲ್ಲಿಯಲ್ಲಿ ಆಮೆ ಮತ್ತು ಮ್ಯಾನಟಿಯ ಬಂಧು ಡ್ಯುಗಾಂಗ್ ಮೇಯುವ ಹುಲ್ಲುಗಾವಲುಗಳನ್ನು ನಕ್ಷೆಯಲ್ಲಿ ಗುರುತಿಸಿ, ಅಲ್ಲಿ ಸಣ್ಣ ದೋಣಿಗಳು ಮೂತಿಯೆತ್ತಿ ಓಡಬಾರದು ಎಂದು ಕಟ್ಟು ಮಾಡಿದ್ದಾರೆ. ಇಡೀ ಕಡಲಿಗಲ್ಲ, ಬೇಕಾದ ಜಾಗಕ್ಕೆ ಮಾತ್ರ. ಇದರಿಂದ ಹೋಗುವುದು ಹತ್ತು ಹದಿನೈದು ನಿಮಿಷ. ಯಾರ ಅನ್ನವೂ ಹೋಗುವುದಿಲ್ಲ. ಹೊಟ್ಟೆಪಾಡಿನವನಿಗೆ ಹಾಕಿದ ಭಾರದಲ್ಲಿ ಕಾಲುಪಾಲನ್ನೂ ವಿಹಾರಕ್ಕೆ ಬಂದವನಿಗೆ ಹಾಕಲು ಹಿಂಜರಿಯುವುದು ನ್ಯಾಯವಲ್ಲ.

ನಮ್ಮ ದಂಡೆಯ ಮಾತು

ಕರ್ನಾಟಕದ ಕರಾವಳಿಗೆ ಆಲಿವ್ ರಿಡ್ಲೆ ಒಡಿಶಾದಲ್ಲಿ ಬರುವ ಹಾಗೆ ಲಕ್ಷಗಟ್ಟಲೆ ಬರುವುದಿಲ್ಲ. ಒಂಟಿಯಾಗಿ ಬರುತ್ತದೆ, ಮೊಟ್ಟೆಯಿಟ್ಟು ಹೋಗುತ್ತದೆ. ಹೊನ್ನಾವರದ ಕಾಸರಕೋಡ ಟೊಂಕ ಇದಕ್ಕೆ ಹೆಸರಾದ ಜಾಗ. 2024ರ ಆರಂಭದಲ್ಲಿ ಮಂಗಳೂರು ಸಮೀಪದ ಸಸಿಹಿತ್ಲುವಿನಲ್ಲೂ ಗೂಡುಗಳು ಸಿಕ್ಕಾಗ ಅರಣ್ಯ ಇಲಾಖೆಯವರು, ಊರವರು ಬೇಲಿ ಕಟ್ಟಿ ಕಾವಲು ಕೂತರು. ನಮ್ಮ ಮೀನುಗಾರರಲ್ಲಿ ಆಮೆಯನ್ನು ಕೂರ್ಮಾವತಾರವೆಂದು ಕೈಮುಗಿದು ಬಲೆಯಿಂದ ಬಿಡಿಸಿ ಬಿಡುವವರಿದ್ದಾರೆ. ಕಾನೂನೂ ಇದೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿ ಹುಲಿಯ ಸಾಲಿನಲ್ಲೇ ಕಡಲಾಮೆ ಇದೆ.

ಈಗ ಕ್ಯಾಲೆಂಡರ್ ನೋಡಿ. ಆಮೆ ನಮ್ಮ ದಂಡೆಗೆ ಬರುವುದು ಹೆಚ್ಚುಕಡಿಮೆ ನವೆಂಬರ್‌ನಿಂದ ಮಾರ್ಚ್‌ವರೆಗೆ. ಮಳೆ ಮುಗಿದು ಕಡಲು ತಣ್ಣಗಾಗಿ ಪ್ರವಾಸಿಗರು ಬರುವುದೂ ಆಗಲೇ. ಮಲ್ಪೆಯಲ್ಲಿ ಭಾನುವಾರ ಸಂಜೆ ನಿಂತರೆ ಸ್ಪೀಡ್ ಬೋಟು, ಜೆಟ್ ಸ್ಕೀಗಳ ಸದ್ದು ಅಲೆಯ ಸದ್ದನ್ನು ಮುಚ್ಚುತ್ತದೆ. ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ದೋಣಿಗಳು ಹೋಗುತ್ತವೆ, ಆಮೆ ನೋಡಸಿಗುತ್ತದೆ ಎಂಬುದೇ ಅಲ್ಲಿಯ ದೊಡ್ಡ ಆಕರ್ಷಣೆ. ಕಾಸರಕೋಡ ಆಮೆಯ ಊರೂ ಹೌದು, 2020ರಲ್ಲಿ ಸ್ವಚ್ಛ ತೀರಗಳಿಗೆ ಕೊಡುವ ಬ್ಲೂ ಫ್ಲಾಗ್ ಮಾನ್ಯತೆ ಪಡೆದ ಪ್ರವಾಸಿ ಕಡಲತೀರವೂ ಹೌದು. ಸಸಿಹಿತ್ಲು ಅಳಿವೆಯೂ ಹೌದು, ಸರ್ಫಿಂಗ್ ತಾಣವೂ ಹೌದು. ಬೆಂಗಳೂರಿನಿಂದ ಗಾಳದ ಕೋಲು ಹಿಡಿದು ಬಂದು ಬಂಡೆ, ತಡೆಗೋಡೆಗಳ ಮೇಲೆ ಕೂರುವವರೂ ಬರುತ್ತಿದ್ದಾರೆ. ಒಡಿಶಾದಲ್ಲಿ ಸಾಮೂಹಿಕವಾಗಿ ಮೊಟ್ಟೆಯಿಡುವ ಧಾಮ್ರಾ, ದೇವಿ, ಋಷಿಕುಲ್ಯಾ ನದೀಮುಖಗಳಲ್ಲಿ ನವೆಂಬರ್ 1ರಿಂದ ಮೇ 31ರವರೆಗೆ 20 ಕಿಲೋಮೀಟರ್ ಒಳಗೆ ಮೀನುಗಾರಿಕೆಗೇ ನಿಷೇಧವಿದೆ. ನಮಗೆ ಅಷ್ಟೆಲ್ಲ ಬೇಕಾಗಿಲ್ಲ. ಗೂಡು ಸಿಕ್ಕ ದಂಡೆಯ ಎದುರು ಆ ನಾಲ್ಕೈದು ತಿಂಗಳು ಮೋಜಿನ ದೋಣಿಗೆ ನಡಿಗೆಯ ವೇಗ, ಕತ್ತಲಾದ ಮೇಲೆ ಸಂಚಾರ ಬೇಡ, ಬಂಡೆಯ ಮೇಲೆ ನಾಲ್ಕು ಪಿವಿಸಿ ಪೈಪು, ಇಷ್ಟನ್ನು ಜಲಕ್ರೀಡೆಯ ಪರವಾನಗಿಯ ಷರತ್ತಿನಲ್ಲೇ ಬರೆಯಬಹುದು. ಮಹಾರಾಷ್ಟ್ರ 2018ರ ಕೊನೆಯಿಂದ, ರಕ್ಷಿತ ಪ್ರಾಣಿಯನ್ನು ಬಿಡಿಸಲು ಬಲೆ ಕತ್ತರಿಸಿದ ಮೀನುಗಾರನಿಗೆ 25 ಸಾವಿರ ರೂಪಾಯಿವರೆಗೆ ಪರಿಹಾರ ಕೊಡುತ್ತಿದೆ. ಹೆದರಿಕೆಯ ಬದಲು ಭರವಸೆ ಕೊಟ್ಟರೆ ಜನ ಮುಂದೆ ಬರುತ್ತಾರೆ ಎಂಬುದಕ್ಕೆ ಇದು ಹತ್ತಿರದ ನಿದರ್ಶನ.

ಇದಕ್ಕೆಲ್ಲ ಮೊದಲು ಆಗಬೇಕಾದದ್ದು ಲೆಕ್ಕ. ದಡಕ್ಕೆ ಬಿದ್ದ ಸತ್ತ ಆಮೆಯನ್ನು ಮರಳಿನಲ್ಲಿ ಹೂಳುವ ಮುನ್ನ ಯಾರಾದರೊಬ್ಬರು ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ನಾಲ್ಕು ಫೋಟೊ ತೆಗೆಯಬೇಕು. ಚಿಪ್ಪಿನ ಮೇಲೆ ಸಮಾನ ಅಂತರದಲ್ಲಿ, ತುಸು ಬಾಗಿದ ಸಾಲುಗೀರುಗಳಿದ್ದರೆ ಅದು ಫ್ಯಾನ್. ಒಂದೇ ಕಡೆ ಒಳಕ್ಕೆ ಕುಸಿದ ಬಿರುಕಿದ್ದರೆ ದೋಣಿಯ ತಳದ ಪೆಟ್ಟು. ಮುಂಗಾಲಿನ ಬುಡದಲ್ಲಿ ಉಂಗುರದಂತೆ ಕೊರೆದ ಗುರುತಿದ್ದರೆ ದಾರ ಅಥವಾ ಬಲೆ. ಬಾಯಿಂದಲೋ ಹಿಂದಿನಿಂದಲೋ ನೈಲಾನ್ ಎಳೆ ಹೊರಬಂದಿದ್ದರೆ ಅದನ್ನು ಎಳೆಯದೆ ಹಾಗೆಯೇ ಇಟ್ಟು ಪಶುವೈದ್ಯರಿಗೆ ತೋರಿಸಬೇಕು. ದಿನಾಂಕ, ಜಾಗ, ಉದ್ದ, ಗಂಡೋ ಹೆಣ್ಣೋ ಬರೆದುಕೊಳ್ಳಬೇಕು. ಕಾರವಾರದಿಂದ ಉಳ್ಳಾಲದವರೆಗೆ ಬೆಳಗ್ಗೆ ದಂಡೆಯಲ್ಲಿ ನಡೆಯುವ ಜನ ಸಾಕಷ್ಟಿದ್ದಾರೆ, ಅವರ ಜೇಬಿನಲ್ಲಿ ಫೋನೂ ಇದೆ. ಅವರು ಕಳಿಸಿದ ಫೋಟೊಗಳನ್ನೆಲ್ಲ ಒಂದೇ ಕಡೆ ಕೂಡಿಡುವ ಒಂದು ನೋಟುಪುಸ್ತಕ ಮೂರು ಜಿಲ್ಲೆಗಳಿಗೂ ಸೇರಿ ಈ ನವೆಂಬರಿಗೇ ತೆರೆದುಕೊಳ್ಳಲಿ.